ಗೌರಿ ಹಬ್ಬದ ದಿನದ ಅಳತೆ

ಆಗಸ್ಟ್ 11, ಬೆಳಗ್ಗೆ 6

ಟೇಪು ಇಳಿಸಿದೆ. ಕಟ್ಟೆಯಿಂದ ನೀರಿಗೆ ಮೂವತ್ತಾರು ಅಡಿ. ನಿನ್ನೆಗಿಂತ ಅರ್ಧ ಅಡಿ ಕೆಳಗೆ. ಮಳೆಗಾಲದಲ್ಲಿ!

ಮೊಮ್ಮಗಳು ಮಾನ್ಯ ನನ್ನ ಅಳತೆ ಪುಸ್ತಕ ನೋಡಿ ಫೋನಿಗೆ ಹಾಕಿಕೊಂಡಳು. ಶಂಕರಪುರಂ, ಚಾಮರಾಜಪೇಟೆ ಸೇರಿ ಹದಿಮೂರು ಬಾವಿ, ಹದಿಮೂರು ಹೆಂಗಸರು. ಅವಳು ಕಟ್ಟಿದ ಗುಂಪು. ಹಳೇ ಗೋಡೌನ್ ಜಾಗದಲ್ಲಿ ಡೇಟಾ ಸೆಂಟರ್ ಬಂದಾಗಿನಿಂದ ಈ ಕೆಲಸ. ಕಂಪ್ಯೂಟರ್ ತಣ್ಣಗಿಡಲು ಹಗಲೂ ರಾತ್ರಿ ಬೋರ್‌ವೆಲ್ ಎಳೆಯುತ್ತಾರೆ. ಈಗ ಇನ್ನೂ ಮೂರು ಬೋರ್‌ಗೆ ಅರ್ಜಿ. ಮುಂದಿನ ತಿಂಗಳು ಅಹವಾಲು ಸಭೆ. ನಮ್ಮ ಅಳತೆಯೇ ಸಾಕ್ಷಿ.

"ಕಂಡಿದ್ದನ್ನೇ ಬರೀರಿ ಅಜ್ಜಿ. ಏನಾದ್ರೂ ವಿಶೇಷ ಇದ್ರೆ ಪಕ್ಕದ ಖಾನೇಲಿ."

ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ನಾನು. ನನಗೆ ಹೇಳಿಕೊಡುತ್ತಾಳೆ!

ಆಗಸ್ಟ್ 22

ಮೂವತ್ತೆಂಟು. ಟೇಪಿನ ಗುಂಡು ಕೆಸರಿಗೆ ತಾಗಿತು.

ಪಕ್ಕದ ಬೀದಿ ಸರಸ್ವತಮ್ಮ, ಅವಳೂ ಅಳತೆ ಗುಂಪಿನವಳೇ, ಗೇಟಿನ ಹತ್ತಿರವೇ ನಿಂತು — "ಅಕ್ಕಾ, ಈ ಸಲ ಗಂಗೆ ಪೂಜೆ ಎಲ್ಲಿ? ನಲ್ಲಿ ಮುಂದೇನಾ?" ನಗು ಬೇರೆ. ಯುಗಾದಿಗೆ ಅವಳ ಬಾವಿ ಬತ್ತಿದಾಗ ನಾನೇ ಅಂದಿದ್ದೆ, ಹೂಳು ತೆಗೆಸದ ಮನೆಯಲ್ಲಿ ಇನ್ನೇನಾಗುತ್ತೆ ಎಂದು. ಅದನ್ನು ಇಟ್ಟುಕೊಂಡಿದ್ದಾಳೆ.

"ನಮ್ಮ ಬಾವಿ ಚಿಂತೆ ನಿನಗ್ಯಾಕೆ? ಹಬ್ಬದ ದಿನ ಬಿಂದಿಗೆ ತಗೊಂಡು ಬಾ" ಎಂದೆ.

ಮಾವನವರು ತೋಡಿಸಿದ ಬಾವಿ. ಮದುವೆಯಾಗಿ ಬಂದ ವರ್ಷದಿಂದ, ಐವತ್ತೊಂದು ವರ್ಷ, ಈ ಬೀದಿಯ ಗೌರಿಗೆ ಗಂಗೆ ಇಲ್ಲಿಂದಲೇ.

ಆಗಸ್ಟ್ 25, ಮಧ್ಯಾಹ್ನ

ಮಾನ್ಯ ಕಾಲೇಜಿನಲ್ಲಿ. ಎರಡು ಟ್ಯಾಂಕರ್ ನೀರು ತರಿಸಿದೆ. ಕೇಳಿದವರಿಗೆ ಮನೆಯ ಸಂಪ್‌ಗೆ ಅಂದೆ. ಪೈಪು ಬಾವಿಗೆ ಬಿಡಿಸಿದೆ.

ಆಗಸ್ಟ್ 26, ಗೌರಿ ಹಬ್ಬ

ಇಪ್ಪತ್ತೇಳು ಅಡಿ. ಸುಳ್ಳು ಬರೆಯಲಿಲ್ಲ. ಟೇಪು ತೋರಿಸಿದ್ದನ್ನೇ ಬರೆದೆ. ಪಕ್ಕದ ಖಾನೆ ಖಾಲಿ.

ಹತ್ತೊಂಬತ್ತು ಮುತ್ತೈದೆಯರು ಬಂದರು. ಸರಸ್ವತಮ್ಮ ಬಗ್ಗಿ ನೋಡಿದಳು. ಬಿಂದಿಗೆ ತುಂಬಿಸಿಕೊಂಡು ಹೊರಟಳು. ಹಿಗ್ಗಿದೆ. ಅದನ್ನೂ ಬರೆದಿಡುತ್ತೇನೆ.

ಸಂಜೆ ಮಾನ್ಯ ಹುಬ್ಬು ಗಂಟಿಕ್ಕಿದಳು. "ಒಂದೇ ದಿನಕ್ಕೆ ಹನ್ನೊಂದು ಅಡಿನಾ ಅಜ್ಜಿ?"

"ಟೇಪ್ ನಿಂದೇ ತಾನೆ?"

ಹಾಗೇ ಫೋನಿಗೆ ಹಾಕಿಕೊಂಡಳು. ನನ್ನ ಮಾತಿನ ಮೇಲೆ ಮಾತಾಡಿ ಅಭ್ಯಾಸವಿಲ್ಲ ಈ ಮನೆಯಲ್ಲಿ ಯಾರಿಗೂ.

ಸೆಪ್ಟೆಂಬರ್ 18

ಸಭೆ ಮುಗಿಯಿತು. ಕಂಪನಿ ಇಂಜಿನಿಯರ್ ನಮ್ಮ ಕಾಗದವನ್ನೇ ಎತ್ತಿ ಹಿಡಿದ. "ನಮ್ಮ ಪಂಪ್ ಓಡ್ತಿರುವಾಗ್ಲೇ ಈ ಬಾವಿ ಹನ್ನೊಂದಡಿ ಏರಿದೆ. ನೂರು ಗಜದಲ್ಲಿರೋ ಸರಸ್ವತಮ್ಮನವ್ರ ಬಾವಿ ಬತ್ತಿದೆಯಂತೆ. ಯಾವುದನ್ನ ನಂಬೋದು ಮೇಡಂ?"

ಸಭೆ ನಕ್ಕಿತು. ಮಾನ್ಯ ಮೈಕ್ ಹಿಡಿದಳು. "ಅದು ನಮ್ಮನೆ ಬಾವಿ. ಬರೆದಿದ್ದು ನಮ್ಮಜ್ಜಿ. ಅವ್ರ ಅಳತೆ ತಪ್ಪಾಗಕ್ಕೆ ಸಾಧ್ಯವೇ ಇಲ್ಲ."

ನಾನು ಮೂರನೇ ಸಾಲಿನಲ್ಲಿದ್ದೆ. ಏಳಬಹುದಿತ್ತು. ಸರಸ್ವತಮ್ಮ ಪಕ್ಕದಲ್ಲೇ ಕೂತಿದ್ದಳು.

ಏಳಲಿಲ್ಲ.

ಸೆಪ್ಟೆಂಬರ್ 20

ಗುಂಪಿನವರೆಲ್ಲ ಸೇರಿ ಸರಸ್ವತಮ್ಮನ ಅಳತೆಯೇ ತಪ್ಪೆಂದು ತೀರ್ಮಾನಿಸಿದರಂತೆ. ಅವಳ ಆರು ತಿಂಗಳ ಲೆಕ್ಕವನ್ನೆಲ್ಲ ಮಾನ್ಯ ಅಳಿಸಿದಳು. ನನ್ನದು ಹಾಗೇ ಇದೆ.

ಸರಸ್ವತಮ್ಮ ಬಂದು ಟೇಪನ್ನು ನಮ್ಮ ಜಗುಲಿಯ ಮೇಲಿಟ್ಟಳು. "ನಾನು ನಿಮ್ಮಷ್ಟು ಓದಿದವಳಲ್ಲ ಅಕ್ಕ, ನಿಜ. ಆದ್ರೆ ಒಣಗಿದ್ದು ಕಣ್ಣಿಗೆ ಕಾಣುತ್ತಲ್ವಾ?"

ಅವಳು ಹೋದ ಮೇಲೆ ಟೇಪನ್ನು ಒಳಗೆ ತಂದಿಟ್ಟೆ.

ಅಕ್ಟೋಬರ್ 3

ಇಷ್ಟು ದಿನ ಬರೆಯಲಿಲ್ಲ. ಟೇಪೂ ಇಳಿಸಲಿಲ್ಲ. ಗುಂಪಿನಲ್ಲಿ ಉಳಿದವರು ನಾಲ್ವರು. ಲಿಖಿತ ಆಕ್ಷೇಪಣೆಗೆ ನಾಳೆ ಕಡೇ ದಿನ.

ಮಾನ್ಯ ಊಟಕ್ಕೆ ಕೂತಳು, ತಟ್ಟೆ ಮುಟ್ಟಲಿಲ್ಲ. "ಅಳೆಯೋದು ನಾನೇ ಸರಿಯಾಗಿ ಕಲಿಸ್ಲಿಲ್ಲ ಅನ್ಸುತ್ತೆ ಅಜ್ಜಿ. ನಿಮ್ಮೊಬ್ರಿಗೆ ಮಾತ್ರ ಬಂತು" ಎಂದು ಎದ್ದುಹೋದಳು.

ಅಕ್ಟೋಬರ್ 4, ಬೆಳಗ್ಗೆ 6

ಇಳಿಸಿದೆ. ಮೂವತ್ತೊಂಬತ್ತು. ಗುಂಡು ಒಣಗಿಯೇ ಮೇಲೆ ಬಂತು.

ಅಳತೆ ಪುಸ್ತಕ ತೆರೆದಿಟ್ಟಿದ್ದೇನೆ. ಆಗಸ್ಟ್ 26ರ ಸಾಲು, ಪಕ್ಕದ ಖಾಲಿ ಖಾನೆ. ಒಳಗೆ ಮಾನ್ಯ ಎದ್ದ ಸದ್ದು. ಇದನ್ನು ಅವಳ ಕೈಗೆ ಕೊಟ್ಟು, ಆಮೇಲೆ ಸರಸ್ವತಮ್ಮನ ಮನೆಗೆ ಹೋಗಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಖಾನೆ ಚಿಕ್ಕದು —

ಹಿಂದಿನ ದಿನ ಎರಡು ಟ್ಯಾಂಕರ್ ನೀರು ಬಾವಿಗೆ ಸುರಿಸಲಾಗಿದೆ. ಸುರಿಸಿದವಳು —