ಸೋಮವಾರದ ಹೆಸರು

ಅಪ್ಪಾ,

ನೀನು ಮಣ್ಣಾದ ಮೇಲೆ ನಿನಗಿದು ಮೊದಲ ಕಾಗದ.

ಇವತ್ತು ನಾನು ಪಾಠ ಮಾಡುವ ತರಗತಿಯ ಹುಡುಗಿ ಸೆರ್ವಾ, ಕಂಪ್ಯೂಟರಿನಲ್ಲಿ ಬಣ್ಣದ ಬ್ಲಾಕುಗಳನ್ನು ಜೋಡಿಸಿ ಮೊಬೈಲಿಗೊಂದು ಆ್ಯಪ್ ಮಾಡಿದಳು. ತಾರೀಖು ಕೊಟ್ಟರೆ ಹುಟ್ಟಿದ ವಾರಕ್ಕೆ ತಕ್ಕಂತೆ ನಮ್ಮ ಜನ ಇಡುವ ಹೆಸರು ಹೇಳುತ್ತದೆ. ನಾನು ಹುಟ್ಟಿದಾಗಿನ ಆಸ್ಪತ್ರೆ ಚೀಟಿಯ ತಾರೀಖು ಕೊಟ್ಟೆ. ನೀನಿಟ್ಟ ಮಂಗಳವಾರದ ಅಬೆನಾ ಬರಲಿಲ್ಲ. ಸೋಮವಾರದ ಅಜುವಾ ಬಂತು.

"ಎಲ್ಲೋ ತಪ್ಪು ಬ್ಲಾಕು ಸಿಕ್ಕಿಸಿದ್ದೀಯ ಕಣೇ!"

"ಇಡೀ ಕ್ಲಾಸಿಗೆ ಸರಿಯಾಗೇ ಬಂತಲ್ಲ ಮೇಡಂ?"

ಒಂದೊಂದೇ ಬ್ಲಾಕು ಬಿಚ್ಚಿ ನೋಡಿದೆ. ಎಲ್ಲೂ ತಪ್ಪಿರಲಿಲ್ಲ.

ಮನೆಗೆ ಬಂದು ಕೇಳಿದರೆ, ಅಮ್ಮ ರಾತ್ರಿಯೂಟದ ಫುಫು ಮುದ್ದೆ ಕುಟ್ಟುವುದನ್ನು ನಿಲ್ಲಿಸದೆ ಅಂದಳು: "ನಿಮ್ಮಪ್ಪ ಬಂದು ನಿನ್ನ ನೋಡಿದ್ದೇ ಮಂಗಳವಾರ. ಮಗು ನಿನ್ನೆಯೇ ಹುಟ್ಟಿದ್ದು ಅಂತ ನಾನೂ ಹೇಳಲಿಲ್ಲ, ಅವನೂ ಕೇಳಲಿಲ್ಲ."

ಮೂವತ್ತು ವರ್ಷ ನೀನು ಬಂದ ದಿನದ ಹೆಸರು ಹೊತ್ತು ತಿರುಗಿದ್ದೇನೆ. ಹೇಳಪ್ಪಾ, ಸೋಮವಾರ ಎಲ್ಲಿದ್ದೆ?