ಕಾಂಕ್ರೀಟಿನ ಅಡಿಯ ಕಸ

ಅಣ್ಣಾ,

ಹದಿನಾಲ್ಕು ವರ್ಷದ ಹಿಂದೆ, ದಸರಾ ರಜೆಗೆ ಮುಂಚೆ ಕೊಂಡವರಿಗೆ ಬೀಗದ ಕೈ ಕೊಡುವ ಆತುರದಲ್ಲಿ, ಗುತ್ತಿಗೆ ಹಿಡಿದಿದ್ದ ನೀನು ಹನ್ನೆರಡು ಮನೆಗಳ ಪಾಯದ ಸುತ್ತ ಸಡಿಲ ಮಣ್ಣು ಸುರಿಸಿ, ಗುದ್ದಿ ದಮ್ಮಸು ಮಾಡಿಸದೆ ಮೂರನೇ ದಿನವೇ ಅದರ ಮೇಲೆ ಕಾಂಕ್ರೀಟ್ ಹಾಕಿಸಿದೆ.

ಪಕ್ಕದ ಮನೆಯ ಟೀಚರ್ ಮೊನ್ನೆ ತಮ್ಮ ಗೋಡೆ ಪಕ್ಕದ ಆ ಕುಸಿದ ಕಾಂಕ್ರೀಟಿನ ಅಂಚಿಗೆ ಎಡವಿ ಸೊಂಟ ಮುರಿದುಕೊಂಡರು. ಇವತ್ತು ಮೇಸ್ತ್ರಿ ಅದನ್ನು ಒಡೆದ. ಕೈ ಹಾಕಿದೆ; ಮೊಣಕೈವರೆಗೂ ಟೊಳ್ಳು. ಒಳಗೆ ಕೊಳೆತ ಹಲಗೆ, ಖಾಲಿ ಸಿಮೆಂಟ್ ಚೀಲ, ನಾತ.

"ಯಾವ ಪುಣ್ಯಾತ್ಮ ಸಾರ್ ಇದನ್ನ ಮಾಡಿದ್ದು? ಕಸದ ತೊಟ್ಟಿಗೆ ಮುಚ್ಚಳ ಹಾಕಿದಾನಲ್ಲ!" ಎಂದು ಮೇಸ್ತ್ರಿ ನಕ್ಕ. ನಿನ್ನ ಹೆಸರೆತ್ತದೆ ನಾನು ಕೇಳಿದೆ:

"ಮೇಲೊಂದು ಪದರ ಸಿಮೆಂಟ್ ಬಳಿದ್ರೆ ಸಾಲದಾ?"

"ಭಾರಕ್ಕೆ ಇನ್ನೂ ಕೂತ್ಕೊಳ್ಳುತ್ತೆ. ಕಸ ತೆಗೆದು, ಅರ್ಧರ್ಧ ಅಡಿ ಮಣ್ಣು ಹಾಕಿ, ನೀರು ಬಿಟ್ಟು ಗುದ್ದಬೇಕು. ಇಳಿಜಾರು ಗೋಡೆಯಿಂದ ಆಚೆಗಿರಬೇಕು. ತಾರಸಿ ನೀರಿನ ಪೈಪು ಇಲ್ಲೇ ಬಿಟ್ಟಿದಾರೆ, ಇದ್ದ ಮಣ್ಣನ್ನೂ ಅದು ತೊಳ್ಕೊಂಡು ಹೋಗಿದೆ."

ನನಗೆ ಹೇಸಿಗೆಯಾದದ್ದು ಆ ನಾತಕ್ಕಲ್ಲ. ಆಸ್ಪತ್ರೆಯ ಮಂಚದಿಂದ ಟೀಚರ್, "ನಾನೇ ನೋಡ್ಕೊಂಡು ನಡೀಬೇಕಿತ್ತು ಕಣಪ್ಪಾ" ಎಂದು ನನಗೇ ಸಮಾಧಾನ ಹೇಳಿದರು. "ನಮ್ಮಣ್ಣ ಕಟ್ಟಿಸ್ತಿರೋದು, ಧೈರ್ಯವಾಗಿ ಮನೆ ತಗೊಳ್ಳಿ" ಎಂದು ಅಂದು ಅವರಿಗೆ ಹೇಳಿದವನು ನಾನು.

ನೀನೆಲ್ಲಿದ್ದೀಯೋ ತಿಳಿಯದು. ತಿಳಿದರೂ ಇದನ್ನು ಕಳಿಸುವುದಿಲ್ಲ. ಓದಿ ಹರಿದು ಹಾಕುತ್ತೀಯ. ಉತ್ತರ ನನ್ನೊಬ್ಬನಿಗೆ ಬೇಡ. ಎಂದಾದರೂ ಬಂದರೆ ಹನ್ನೆರಡು ಮನೆಯವರ ಎದುರು ನಿಂತು ಹೇಳು: ಗೊತ್ತಿದ್ದೇ ಮುಚ್ಚಿಸಿದೆಯಾ? ಉಳಿದ ಹನ್ನೊಂದು ಮನೆಗಳ ಸುತ್ತ ಏನು ಹೂತಿದ್ದೀಯ?