ಚೆಕ್‌ಪೋಸ್ಟಿನಲ್ಲಿ ಕೇಳಿದ ಕಾಯಿಲೆ

ತಮ್ಮಾ,

ಕೊಯ್ದ ಜೋಳವನ್ನು ಅಂಗಳದಲ್ಲಿ ಹರಡಿದ್ದೇನೆ, ಬಿಸಿಲೇರಿದ ಮೇಲೆ ಒಮ್ಮೆ ಕೈಯಾಡಿಸು. ನಾನು ಹಾಲಿನ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಟಿದ್ದೇನೆ, ನಿನ್ನ ಎಚ್‌ಐವಿ ಮಾತ್ರೆ ತರಲು. ಲಾಕ್‌ಡೌನ್ ಎಂದು ಬಸ್ಸು ನಿಲ್ಲಿಸಿದವರು ಮಾತ್ರೆ ನುಂಗುವವರ ಗತಿಯೇನೆಂದು ಯೋಚಿಸಲೇ ಇಲ್ಲ.

ನಿನ್ನೆ ಚೆಕ್‌ಪೋಸ್ಟಿನ ಪೊಲೀಸಿನವನು, "ಯಾವ ಕಾಯಿಲೆಯಯ್ಯಾ, ಗಟ್ಟಿಯಾಗಿ ಹೇಳು" ಅಂದನಂತೆ. ಸಾಲಿನಲ್ಲಿ ಊರವರೇ ಇದ್ದರೆಂದು ನೀನು ಬಾಯಿ ಬಿಡದೆ ತಿರುಗಿ ಬಂದೆ. ಕೇಳಿದವನಿಗಿಲ್ಲದ ನಾಚಿಕೆ ನಿನಗೇಕೆ?

ಡಬ್ಬಿಯಲ್ಲಿ ಉಳಿದಿರುವುದು ಇವತ್ತಿನದೊಂದೇ. ಅದನ್ನು ಮುರಿದು ಅರ್ಧ ನಾಳೆಗೆ ಎತ್ತಿಟ್ಟೆಯೋ, ನನ್ನ ಹತ್ತಿರ ಮಾತಾಡಬೇಡ. ಊಟ ಮಾಡಿ ಪೂರ್ತಿ ನುಂಗು.

ಇವತ್ತೂ ಅವನು ಕೇಳುತ್ತಾನೆ. ಕಾಯಿಲೆಯ ಹೆಸರು ಹೇಳಿ, ನನಗೇ ಇರುವುದು ಎನ್ನುತ್ತೇನೆ. ಸಂಜೆಯೊಳಗೆ ಸುದ್ದಿ ನಮ್ಮ ಬಾಗಿಲಿಗೆ ಬಂದಿರುತ್ತದೆ. ಯಾರು ಬಂದು ಕೇಳಿದರೂ, ಅಕ್ಕನಿಗಲ್ಲ, ನನಗೆ ಎಂದು ನೀನು ಹೇಳಬೇಡ.

ಅಕ್ಕ